ಊಟದ ಮನೆಯಲ್ಲಿ ಬಡಿಸೋರಿಗೂ ಒಂದು ಕುರ್ಚಿ

ಯಾರಾದರೂ ಹೊಸ ಮನೆಯ ಪ್ಲಾನ್ ತಂದು ತೋರಿಸಿದರೆ ನಾನು ಮೊದಲು ನೋಡೋದು ಊಟದ ಜಾಗವನ್ನು. ದೇವರಮನೆ ಎಲ್ಲಿದೆ, ಒಲೆ ಯಾವ ದಿಕ್ಕಿಗಿದೆ ಅಂತ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಕೇಳೋದು ಇಷ್ಟೇ: ಅಡುಗೆ ಮಾಡಿ ಬಡಿಸೋರು ಎಲ್ಲಿ ಕೂತು ಉಣ್ಣುತ್ತಾರೆ? ಎಲ್ಲರ ಜೊತೆಗಾ, ಇಲ್ಲ ಎಲ್ಲರೂ ಎದ್ದು ಹೋದ ಮೇಲೆ ಒಬ್ಬರೇನಾ? ನಮ್ಮ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಆರು ಕುರ್ಚಿಯ ಟೇಬಲ್ ಇರುತ್ತದೆ, ಮನೆಯಲ್ಲಿರೋದು ಐದೇ ಜನ, ಆದರೂ ಮನೆಯಾಕೆ ಆರಿದ ಸಾರು ಹಾಕಿಕೊಂಡು ಅಡುಗೆಮನೆ ಕಟ್ಟೆಗೆ ಒರಗಿ ನಿಂತೇ ಊಟ ಮುಗಿಸುತ್ತಾಳೆ. "ಅತ್ತೆ, ನೀವು ಕೂತ್ಕೊಳ್ಳಿ, ನಾನು ಆಮೇಲೆ ಉಣ್ತೀನಿ" ಅನ್ನೋ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ದಿನವೂ ಆ ಮಾತು ಒಬ್ಬಳೇ ಹೇಳಬೇಕು ಅನ್ನೋದು ಸರಿಯಲ್ಲ. ಜಾಗ ಹೊಂದಿಸೋ ರೀತಿ, ಬಡಿಸೋ ರೀತಿ ಎರಡನ್ನೂ ಒಂಚೂರು ಬದಲಾಯಿಸಿದರೆ ಅವಳೂ ಕೂರಬಹುದು. ದುಡ್ಡು ಜಾಸ್ತಿ ಬೇಡ.

30-40 ಸೈಟಿನ ಮನೆಯಲ್ಲಿ ಊಟಕ್ಕೇ ಅಂತ ಬೇರೆ ಕೋಣೆ ಸಿಗೋದು ಕಷ್ಟ. ಹಾಲಿಗೂ ಅಡುಗೆಮನೆಗೂ ನಡುವೆ ಉಳಿದಿದ್ದೇ ಡೈನಿಂಗ್ ಆಗುತ್ತದೆ, ಅದರಲ್ಲೇ ಬಚ್ಚಲಿಗೆ ಹೋಗೋ ದಾರಿ, ಮಹಡಿ ಮೆಟ್ಟಿಲು, ಫ್ರಿಜ್ಜು, ಕೈ ತೊಳೆಯೋ ಬೇಸಿನ್ನು ಎಲ್ಲವೂ ಸೇರಿಕೊಂಡಿರುತ್ತವೆ. ಹಾಗಾಗಿ ಟೇಬಲ್ ಕೊಳ್ಳೋ ಮುಂಚೆ ಅಳತೆ ಹಿಡೀರಿ. ಮೊಣಕೈ ಮೊಣಕೈ ತಾಗದ ಹಾಗೆ ಕೂರೋಕೆ ಒಬ್ಬರಿಗೆ 2 ಅಡಿ ಅಗಲ ಬೇಕು. ಟೇಬಲ್ಲಿನ ಎತ್ತರ 2.5 ಅಡಿ, ಕುರ್ಚಿಯಲ್ಲಿ ಕೂರೋ ಮಟ್ಟ 1.5 ಅಡಿ ಇದ್ದರೆ ದೊಡ್ಡವರಿಗೆ ಸರಿಹೋಗುತ್ತದೆ. ಟೇಬಲ್ಲಿನ ಅಂಚಿನಿಂದ ಗೋಡೆಗೆ 3 ಅಡಿ ಬಿಡಬೇಕು, ಇಲ್ಲದಿದ್ದರೆ ಒಬ್ಬರು ಕೂತ ಮೇಲೆ ಅವರ ಬೆನ್ನ ಹಿಂದೆ ಬಿಸಿ ಸಾರಿನ ಪಾತ್ರೆ ಹಿಡಿದು ಓಡಾಡೋಕೆ ಆಗೋದಿಲ್ಲ. 5 ಅಡಿ ಉದ್ದ, 3 ಅಡಿ ಅಗಲದ ಟೇಬಲ್ಲಿಗೆ ನಾಲ್ಕೂ ಕಡೆ ಹೀಗೆ ಬಿಟ್ಟರೆ 11 ಅಡಿಗೆ 9 ಅಡಿ ಜಾಗ ಆಯಿತು. ಅಷ್ಟು ಎಲ್ಲರ ಮನೆಯಲ್ಲೂ ಇರಲ್ಲ ಅಲ್ವಾ? ಇಲ್ಲದಿದ್ದರೆ ಒಂದು ಕಡೆ ಗೋಡೆಗೆ ಸೇರಿಸಿ ಬೆಂಚು ಮಾಡಿಸಿ, ಮಕ್ಕಳು ಒಳಗೆ ಜರುಗಿ ಕೂರುತ್ತಾರೆ, ಆ ಕಡೆ ಓಡಾಟಕ್ಕೆ ಅಂತ ಜಾಗ ಬಿಡೋದು ತಪ್ಪುತ್ತದೆ. ಅಂಗಡಿಗೆ ಹೋಗೋ ಹಿಂದಿನ ದಿನ ಹಳೇ ಪೇಪರುಗಳನ್ನು ಟೇಬಲ್ಲಿನ ಅಳತೆಗೆ ನೆಲದ ಮೇಲೆ ಹಾಸಿ, ಸುತ್ತ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿ ಒಂದು ದಿನ ಓಡಾಡಿ ನೋಡಿ. ಫ್ರಿಜ್ಜಿನ ಬಾಗಿಲು ತೆಗೆಯೋಕೆ ಆಗುತ್ತಾ ಅನ್ನೋದೂ ಆಗಲೇ ಗೊತ್ತಾಗುತ್ತದೆ.

ಈಗ ಮುಖ್ಯವಾದ ಕುರ್ಚಿ. ಅಡುಗೆಮನೆ ಬಾಗಿಲಿಗೆ ಹತ್ತಿರ ಇರೋದು ಅಡುಗೆ ಮಾಡಿದವರದ್ದು, ಅಲ್ಲಿ ಬೇರೆ ಯಾರೂ ಕೂರೋ ಹಾಗಿಲ್ಲ ಅಂತ ಮನೆಯಲ್ಲಿ ಗೊತ್ತುಮಾಡಿ. ಅದರ ಎಡಗಡೆ, ಕೂತಲ್ಲಿಂದಲೇ ಕೈಗೆ ಎಟುಕೋ ಹಾಗೆ ಒಂದು ಸಣ್ಣ ಸ್ಟ್ಯಾಂಡ್ ಇಡಿ. ಅದರ ಮೇಲೆ ಅನ್ನ, ಸಾರು, ಪಲ್ಯ, ಮೊಸರು, ಕೆಳಗಿನ ಹಲಗೆಯಲ್ಲಿ ನೀರಿನ ಜಗ್ಗು, ತುಪ್ಪ, ಉಪ್ಪಿನಕಾಯಿ, ಒಂದು ಒದ್ದೆ ಬಟ್ಟೆ. ಎಡಗಡೆ ಯಾಕೆ ಅಂದರೆ ಬಲಗೈ ಎಂಜಲಾಗಿರುತ್ತದೆ, ಸೌಟು ಹಿಡಿಯೋದು ಎಡಗೈಯಲ್ಲಿ. ಎಡಗೈಯಲ್ಲಿ ಬಡಿಸೋದಾ ಅಂತ ಕೆಲವು ಹಿರಿಯರು ಗೊಣಗಬಹುದು. ಹಬ್ಬದ ದಿನ, ನೆಂಟರು ಬಂದ ದಿನ ಬಲಗೈಯಲ್ಲೇ ಬಡಿಸೋಣ, ದಿನದ ಊಟಕ್ಕೆ ಈ ಕಟ್ಟುಪಾಡು ಇಟ್ಟುಕೊಂಡರೆ ಒಬ್ಬರು ನಿಂತೇ ಇರಬೇಕಾಗುತ್ತದೆ. ಊಟ ಶುರುವಾಗೋ ಮುಂಚೆ ಎಲ್ಲವೂ ಸ್ಟ್ಯಾಂಡಿಗೆ ಬಂದಿರಬೇಕು. ಊಟದ ಮಧ್ಯೆ ಏನಾದರೂ ಬೇಕಾದರೆ, ಬೇಕು ಅಂದವರೇ ಎದ್ದು ಹೋಗಿ ತರಲಿ. ಈ ಒಂದು ನಿಯಮ ಗಂಡುಮಕ್ಕಳಿಗೆ ಐದನೇ ವಯಸ್ಸಿನಿಂದಲೇ ಕಲಿಸಿ.

ದೀಪ, ಫ್ಯಾನಿನ ವಿಷಯ ಬೇಗ ಹೇಳಿಬಿಡ್ತೀನಿ. ಫ್ಯಾನ್ ಟೇಬಲ್ಲಿನ ನೆತ್ತಿಗೇ ಬೇಡ, ಅನ್ನ ಆರುತ್ತದೆ, ಎಲೆ ಹಾರುತ್ತದೆ. ಸ್ವಲ್ಪ ಪಕ್ಕಕ್ಕೆ ಹಾಕಿಸಿ. ದೀಪ ಮಾತ್ರ ಟೇಬಲ್ಲಿನ ಮೇಲೇ ಇರಲಿ, ಹಳದಿ ಬೆಳಕಾದರೆ ಊಟ ಚೆನ್ನಾಗಿ ಕಾಣುತ್ತದೆ. ತೂಗುದೀಪ ಆದರೆ ಟೇಬಲ್ಲಿಗಿಂತ 2.5 ಅಡಿ ಮೇಲಿರಲಿ, ಎದುರಿಗಿರೋರ ಮುಖಕ್ಕೆ ಅಡ್ಡ ಬರಲ್ಲ.

ದೋಸೆ ದಿನ, ಮುದ್ದೆ ದಿನ ಏನು ಮಾಡೋದು ಅಂತ ಕೇಳ್ತೀರಿ. ನಿಜ, ಇವೆರಡೂ ಬಿಸಿಬಿಸಿಯಾಗಿಯೇ ತಟ್ಟೆಗೆ ಬರಬೇಕು. ದೋಸೆಗೆ ಎರಡು ದಾರಿ ಇದೆ. ಮೊದಲು ತಿಂದವರು ಎದ್ದು ಕೈ ತೊಳೆದು ಕಾವಲಿ ಮುಂದೆ ನಿಲ್ಲೋದು ಒಂದು. ಇನ್ನೊಂದು, ಊಟದ ಜಾಗದ ಗೋಡೆಗೆ ಒಂದು 16 ಆಂಪ್ ಪವರ್ ಪ್ಲಗ್ ಹಾಕಿಸಿ ಇಂಡಕ್ಷನ್ ಒಲೆಯನ್ನು ಅಲ್ಲೇ ಇಟ್ಟುಕೊಳ್ಳೋದು. ದೊಡ್ಡ ಇಂಡಕ್ಷನ್ ಒಲೆ 2000 ವ್ಯಾಟ್‌ವರೆಗೆ ಎಳೆಯುತ್ತದೆ, ಮೊಬೈಲ್ ಚಾರ್ಜ್ ಹಾಕೋ ಸಣ್ಣ ಪ್ಲಗ್ಗಿಗೆ ಚುಚ್ಚಿದರೆ ಪ್ಲಗ್ಗು ಸುಟ್ಟುಹೋಗಬಹುದು, ಆದ್ದರಿಂದ ಮನೆ ಕಟ್ಟಿಸೋವಾಗಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ. ತಳ ಚಪ್ಪಟೆ ಇರೋ ಎರಕದ ಕಬ್ಬಿಣದ ಕಾವಲಿ ಅದರ ಮೇಲೆ ಚೆನ್ನಾಗಿ ಕಾಯುತ್ತದೆ, ಬರೀ ಅಲ್ಯೂಮಿನಿಯಂ ಕಾವಲಿ ಕಾಯೋದೇ ಇಲ್ಲ.

ಮುದ್ದೆಗೆ ನಮ್ಮ ಮಂಡ್ಯದ ಹೆಂಗಸರು ಕಂಡುಕೊಂಡಿರೋ ಕ್ರಮವೇ ಸರಿ. ಒಬ್ಬೊಬ್ಬರು ಬಂದ ಹಾಗೆ ಒಂದೊಂದು ಕಟ್ಟಬೇಡಿ. ಹಿಟ್ಟು ಬೆಂದ ತಕ್ಷಣ ಕೋಲಿನಲ್ಲಿ ಗಂಟಿಲ್ಲದ ಹಾಗೆ ತಿರುವಿ, ಕೈ ಒದ್ದೆ ಮಾಡಿಕೊಂಡು ಎಲ್ಲರ ಮುದ್ದೆಯನ್ನೂ, ನಿಮ್ಮದನ್ನೂ ಸೇರಿಸಿ, ಒಟ್ಟಿಗೇ ಕಟ್ಟಿ, ಒಳಗೆ ತುಪ್ಪ ಸವರಿದ ಹಾಟ್ ಬಾಕ್ಸಿಗೆ ಹಾಕಿ ಮುಚ್ಚಿ. ಎಲ್ಲರೂ ಕೂತ ಮೇಲೆ ತೆಗೆದರೂ ಹಬೆಯಾಡುತ್ತಿರುತ್ತದೆ. ತಟ್ಟೆಗೆ ಅಂಚು ಎತ್ತರ ಇರಲಿ, ಚಪ್ಪಟೆ ಪಿಂಗಾಣಿ ತಟ್ಟೆಯಲ್ಲಿ ಬಸ್ಸಾರು ನಿಲ್ಲೋದಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ಅದಕ್ಕೆ ಮೊಣಕೈ ಟೇಬಲ್ಲಿಗಿಂತ ಒಂಚೂರು ಮೇಲಿರಬೇಕು, ಮಕ್ಕಳಿಗೆ ಟೇಬಲ್ ಎದೆಮಟ್ಟಕ್ಕೆ ಬರೋದರಿಂದಲೇ ಅವು ಮುದ್ದೆ ಬೇಡ ಅನ್ನೋದು ಎಷ್ಟೋ ಸಲ. ಒಂದು ಗಟ್ಟಿ ದಿಂಬು ಹಾಕಿ ಎತ್ತರಿಸಿ ಕೂರಿಸಿ ನೋಡಿ. ಮನೆಯಲ್ಲಿ ಖಾರ ತಿನ್ನೋರು, ತಿನ್ನದೋರು ಇಬ್ಬರೂ ಇದ್ದರೆ ಉಪ್ಸಾರು ಮಾಡಿ. ಬೇಯಿಸಿದ ಸೊಪ್ಪು, ಕಾಳಿನ ನೀರು ಎಲ್ಲರಿಗೂ ಒಂದೇ, ರುಬ್ಬಿದ ಖಾರವನ್ನು ಅವರವರೇ ತಟ್ಟೆಯಲ್ಲಿ ಕಲಸಿಕೊಳ್ಳುತ್ತಾರೆ. ಎರಡು ಅಡುಗೆ ಮಾಡೋ ಕೆಲಸ ತಪ್ಪುತ್ತದೆ.

ಹಬ್ಬಕ್ಕೆ ನೆಲದ ಮೇಲೆ ಎಲೆ ಹಾಕಿ ಉಣ್ಣೋದು ನನಗೆ ಈಗಲೂ ಬಲು ಇಷ್ಟ, ಎಲ್ಲರೂ ಒಂದೇ ಮಟ್ಟದಲ್ಲಿ ಕೂತಿರುತ್ತಾರೆ. ಆದರೆ ಮಂಡಿ ನೋವಿರೋರನ್ನು ಬಲವಂತ ಮಾಡಬೇಡಿ, ಅವರಿಗೆ ಅದೇ ಸಾಲಿನ ಕೊನೆಯಲ್ಲಿ ಕುರ್ಚಿ, ಸ್ಟೂಲು ಹಾಕಿ. ಬೇರೆ ಕೋಣೆಗೆ ಕಳಿಸಬೇಡಿ, ಬೇಜಾರಾಗುತ್ತದೆ. ಎದುರುಬದುರು ಎರಡು ಸಾಲು ಕೂರಿಸೋದಾದರೆ ನಡುವೆ 4 ಅಡಿ ಬಿಡಿ. ಬಗ್ಗಿ ಬಗ್ಗಿ ಬಡಿಸೋದು ಸೊಂಟದ ಕೆಲಸ, ಅದು ಹುಡುಗರಿಗೆ ಇರಲಿ, ಹುಳಿ, ಸಾರನ್ನು ಹಿಡಿ ಇರೋ ಸಣ್ಣ ಬಕೆಟ್ಟಿಗೆ ಹಾಕಿ ಕೊಡಿ. ದೇವರಾಜ ಮಾರುಕಟ್ಟೆಯಿಂದ ಎಲೆಯನ್ನು ಹಿಂದಿನ ದಿನವೇ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬಾಡಲ್ಲ. ಕುಡಿ ಎಲೆ ಆದರೆ ತುದಿ ಉಣ್ಣೋರ ಎಡಕ್ಕೆ ಬರಬೇಕು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಮೇಲಿನ ಅರ್ಧಕ್ಕೆ. ಪಾಯಸ ಒಂಚೂರು ಬಲಗಡೆ ಕೆಳಗಿನ ಮೂಲೆಗೆ. ಆಮೇಲೆ ಅನ್ನ, ತೊವ್ವೆ, ತುಪ್ಪ. ತಿಳಿಸಾರು ಬರೋ ಹೊತ್ತಿಗೆ ಅನ್ನವನ್ನು ಗುಡ್ಡೆ ಮಾಡಿ ನಡುವೆ ಗುಳಿ ತೋಡಿ ಅಂತ ಮಕ್ಕಳಿಗೆ ತೋರಿಸಿಕೊಡಿ, ಸಾರು ಗುಳಿಯಲ್ಲೇ ನಿಲ್ಲುತ್ತದೆ, ಲಂಗಕ್ಕೆ ಹರಿಯಲ್ಲ. ವಿಟ್ರಿಫೈಡ್ ಟೈಲ್ಸ್ ನೆಲಕ್ಕೆ ಪಾಯಸ ಬಿದ್ದರೆ ಕಾಲು ಜಾರುತ್ತದೆ, ಪಂಕ್ತಿ ಎದ್ದ ತಕ್ಷಣ ಒರೆಸಿ. ಹಳೇ ರೆಡ್ ಆಕ್ಸೈಡ್ ನೆಲಕ್ಕೂ ಇದೇ ಮಾತು.

ಚುಂಚನಗಿರಿಯಲ್ಲಿ, ಸುತ್ತೂರಿನಲ್ಲಿ ದಾಸೋಹಕ್ಕೆ ಕೂತಿದ್ದೀರಾ? ಗದ್ದಲ ಇರುತ್ತದೆ, ಬಡಿಸೋದು ಬಲು ಬೇಗ. ಎಷ್ಟು ಬೇಕೋ ಅಷ್ಟೇ ಹಾಕಿಸಿಕೊಳ್ಳಿ, ಸಾಕು ಅನ್ನೋ ಮಾತು ಯಾರಿಗೂ ಕೇಳಲ್ಲ, ಅಂಗೈ ಅಡ್ಡ ಹಿಡಿದರೆ ಸಾಕು. ಮದುವೆ ಛತ್ರದಲ್ಲಿ ಇನ್ನೊಂದು ಕಷ್ಟ. ನೀವು ಹುಳಿಯನ್ನ ಕಲಸೋ ಹೊತ್ತಿಗೇ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ಹಿಂದೆ ನಿಂತಿರುತ್ತಾರೆ. ಇದು ಬಹಳ ಕೆಟ್ಟ ಅಭ್ಯಾಸ, ಉಣ್ಣೋರ ಬೆನ್ನ ಹಿಂದೆ ನಿಲ್ಲಬಾರದು. ಮದುವೆ ಮಾಡಿಸೋರಿಗೆ ನನ್ನ ಸಲಹೆ: ಊಟದ ಹಾಲ್‌ನ ಬಾಗಿಲಲ್ಲಿ ನಿಮ್ಮ ಕಡೆಯ ಇಬ್ಬರು ಹುಡುಗರನ್ನು ನಿಲ್ಲಿಸಿ, ಎಲೆ ತೆಗೆದು ಟೇಬಲ್ ಒರೆಸಿದ ಮೇಲೇ ಒಳಗೆ ಬಿಡಲಿ, ಕಾಯೋರಿಗೆ ಹೊರಗೆ ಕುರ್ಚಿ ಹಾಕಿಸಿ. ಬೀಗರ ಊಟಕ್ಕೂ ಅಷ್ಟೇ. ಶಾಮಿಯಾನದ ಕೆಳಗೆ ಜನ ಜಾಸ್ತಿ, ಎಲೆಗೆ ಮೊದಲು ಮುದ್ದೆ ಬೀಳಲಿ, ಸಾರು ಆಮೇಲೆ ಬರಲಿ, ಇಲ್ಲದಿದ್ದರೆ ತಡೆಯೋಕೆ ಏನೂ ಇಲ್ಲದೆ ಸಾರು ಪಕ್ಕದವರ ಪಂಚೆಗೆ ಹೋಗುತ್ತದೆ. ಮತ್ತೆ, ಬಡಿಸಿದ ಹುಡುಗರು, ಪಾತ್ರೆ ತೊಳೆಯೋ ಹೆಂಗಸರು ಕೂರೋ ಕೊನೇ ಪಂಕ್ತಿಗೆ ಮನೆಯವರೇ ನಿಂತು ಬಡಿಸಬೇಕು. ಅವರಿಗೂ ಸಿಹಿ ಎತ್ತಿಡಿ ಅಂತ ಅಡುಗೆಯವರಿಗೆ ಬೆಳಗ್ಗೆಯೇ ಹೇಳಿಬಿಡಿ.

ಹೋಟೆಲಿಗೆ ಕರೆದುಕೊಂಡು ಹೋಗಿ ಅಂದರೆ ಕೆಲವರು ದುಂದು ಅಂತಾರೆ. ವರ್ಷವಿಡೀ ಕಾವಲಿ ಮುಂದೆ ನಿಂತವರಿಗೆ ನಜರ್‌ಬಾದಿನಲ್ಲಿ ಬೆಣ್ಣೆ ಹಾಕಿದ ಮೆತ್ತನೆ ಮೈಲಾರಿ ದೋಸೆ ಎದುರಿಗೇ ಬಂದು ಕೂತರೆ ಅದು ದುಂದಾ? ಒಂದು ಮಾತು, ವಯಸ್ಸಾದವರನ್ನು ಕರೆದುಕೊಂಡು ಹೋದರೆ ಮೂಲೆಯ ಟೇಬಲ್ ಹಿಡೀರಿ. ಸೂರು ಎತ್ತರ ಇರೋ ದೊಡ್ಡ ಹಾಲ್‌ಗಳಲ್ಲಿ ಮಾತು ಮಾರ್ದನಿಯಾಗಿ ಕಿವಿಗೆ ಕಲಸಿಹೋಗುತ್ತದೆ. 1921ರಲ್ಲಿ ಅಡಿಗಲ್ಲು ಹಾಕಿ ವೈಸ್‌ರಾಯ್‌ಗಳಿಗೆಂದು ಕಟ್ಟಿದ ಲಲಿತಮಹಲ್ 1974ರಲ್ಲಿ ಹೋಟೆಲ್ ಆದಾಗ, ನೃತ್ಯದ ಹಾಲ್‌ನಲ್ಲೇ ಊಟದ ಟೇಬಲ್ ಹಾಕಿದರು. ಕಣ್ಣಿಗೆ ಅದಕ್ಕಿಂತ ಚೆಂದದ ಊಟದ ಮನೆ ನಮ್ಮೂರಲ್ಲಿ ಇಲ್ಲ. ಆದರೆ ಕಿವಿ ಮಂದ ಇರೋರಿಗೆ ಅಂಥ ಹಾಲ್‌ನ ನಡುಮಧ್ಯೆ ಎದುರಿನವರ ಮಾತು ಹಿಡಿಯೋದು ಕಷ್ಟ, ಗೋಡೆ ಪಕ್ಕ ಕೂರಿಸಿದರೆ ಅವರೂ ಮಾತಿನಲ್ಲಿ ಸೇರುತ್ತಾರೆ.

ಬಲಮುರಿಗೋ, ಸಂಗಮಕ್ಕೋ, ಮೇಲುಕೋಟೆಗೋ ಹೊರಟರೆ ಬುತ್ತಿ ಕಟ್ಟೋರು ಬೆಳಗಿನ ಜಾವ ಎದ್ದು ಸುಸ್ತಾಗಿರುತ್ತಾರೆ, ಅಲ್ಲಿ ಹೋಗಿ ಮತ್ತೆ ಅವರೇ ಬಡಿಸಬೇಕಾ? ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ತುಂಬಿಬಿಡಿ. ಪುಳಿಯೋಗರೆ ಹುಳಿ, ಎಣ್ಣೆ ಇರೋದರಿಂದ ಸಂಜೆವರೆಗೆ ಕೆಡಲ್ಲ. ಚಿತ್ರಾನ್ನಕ್ಕೆ ನಿಂಬೆಹಣ್ಣು ಒಲೆ ಮೇಲೆ ಹಿಂಡಬೇಡಿ, ಕಹಿಯಾಗುತ್ತದೆ, ಆರಿದ ಮೇಲೆ ಹಿಂಡಿ. ಮೊಸರನ್ನಕ್ಕೆ ಬೆಳಗ್ಗೆ ಹಾಲು ಜಾಸ್ತಿ ಹಾಕಿ, ಅನ್ನ ಉಗುರುಬೆಚ್ಚಗಾದ ಮೇಲೆ ಒಂದೆರಡು ಚಮಚ ಮೊಸರು ಬೆರೆಸಿ, ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಇರಲ್ಲ. ಯಾವ ಅನ್ನವನ್ನೂ ಬಿಸಿಯಿರುವಾಗ ಮುಚ್ಚಬೇಡಿ, ಬೆವರಿ ಹಳಸುತ್ತದೆ. ಕಾಯಿ ಚಟ್ನಿ ಮನೆಯಲ್ಲೇ ಇರಲಿ. ಮೇಲುಕೋಟೆಯಲ್ಲಿ ಕೋತಿಗಳಿವೆ, ಬಯಲಲ್ಲಿ ಡಬ್ಬಿ ಬಿಚ್ಚಬೇಡಿ. ರೈಲಲ್ಲಿ ಹೋಗೋದಾದರೆ ಮದ್ದೂರು ವಡೆ ಸಾಕು, ಚಟ್ನಿ ಬೇಡ, ತಟ್ಟೆ ಬೇಡ, ಯಾರೂ ಬಡಿಸೋದೂ ಬೇಡ.

ಕೊನೆಗೆ ಒಬ್ಬರೇ ಇರೋರ ವಿಷಯ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದವರು ಮೈಸೂರಿನಲ್ಲಿ ಎಲ್ಲ ಬಡಾವಣೆಯಲ್ಲೂ ಇದ್ದಾರೆ. ಅವರ ಊಟದ ಟೇಬಲ್ ಮೇಲೆ ಮಾತ್ರೆ ಡಬ್ಬಿ, ಪೇಪರು, ಕರೆಂಟ್ ಬಿಲ್ಲು ತುಂಬಿರುತ್ತದೆ, ಊಟ ಟಿವಿ ಮುಂದೆ, ಇಲ್ಲದಿದ್ದರೆ ಕುಕ್ಕರ್ ಪಾತ್ರೆಯಿಂದಲೇ. ದಯವಿಟ್ಟು ಹಾಗೆ ಮಾಡಬೇಡಿ. ಟೇಬಲ್ಲಿನ ಒಂದು ಮೂಲೆಯನ್ನಾದರೂ ಖಾಲಿ ಇಟ್ಟುಕೊಳ್ಳಿ, ಕಿಟಕಿ ಕಡೆಗಿದ್ದರೆ ಒಳ್ಳೆಯದು, ರಸ್ತೆಯಲ್ಲಿ ಹೋಗೋರು ಬರೋರು ಕಾಣುತ್ತಾರೆ. ತಟ್ಟೆ ತೊಳೆದು, ಅನ್ನ, ಸಾರು, ಮಜ್ಜಿಗೆ ಕ್ರಮವಾಗಿ ಬಡಿಸಿಕೊಳ್ಳಿ. ವಾರಕ್ಕೊಂದು ದಿನ ಪಕ್ಕದ ಮನೆಯ ಒಬ್ಬರನ್ನು ಊಟಕ್ಕೆ ಕರೀರಿ, ಅವರೂ ಒಬ್ಬರೇ ಇರಬಹುದು. ಹೋಳಿಗೆ, ಹಪ್ಪಳ ಅಂತ ತಲೆಕೆಡಿಸಿಕೊಳ್ಳಬೇಡಿ. ನೀವು ಅನ್ನ ಮಾಡಿ, ಅವರು ಸಾರು ತರಲಿ, ಮುಂದಿನ ವಾರ ಅವರ ಮನೆಯಲ್ಲಿ ಇಟ್ಟುಕೊಳ್ಳಿ.