ಅಡುಗೆಮನೆ ಫಾಯಿಲ್‌ನಲ್ಲಿ ಮಿಗ್-21: ನನ್ನ ಅನುಭವ

1:72 ಅಳತೆಯ, ಅಂದರೆ ನಿಜದ್ದಕ್ಕಿಂತ 72 ಪಟ್ಟು ಚಿಕ್ಕ ವಿಮಾನಕ್ಕೆ ಫಾಯಿಲ್ ಹೊಂದಲ್ಲ, ದಪ್ಪ ಕಾಣುತ್ತೆ, ಸುಕ್ಕು ಬೀಳುತ್ತೆ. ನಮ್ಮ ಮಾಡೆಲ್ ಬಳಗದಲ್ಲಿ ಹೀಗೆ ಹೇಳದವರೇ ಇರಲಿಲ್ಲ. ಈಗ ನನ್ನ ಮಿಗ್-21 ಎಫ್‌ಎಲ್ (ಆ ಯುದ್ಧವಿಮಾನದ ಒಂದು ಆವೃತ್ತಿ) ಮುಗಿದು ಕಪಾಟಿನಲ್ಲಿ ನಿಂತಿದೆ. ರೆಕ್ಕೆ ತುದಿಯಿಂದ ತುದಿಗೆ 99 ಮಿ.ಮೀ. ಮೂತಿಯ ಕೋನ್, ಬಾಲದ ತುದಿಯಂಥ ಕೆಲವು ಕಡೆ ಬಿಟ್ಟರೆ ಮೈಯೆಲ್ಲ ನಿಜವಾದ ಅಲ್ಯುಮಿನಿಯಂ. ಬೆಳ್ಳಿ ಬಣ್ಣ ಒಂದು ಹನಿಯೂ ಇಲ್ಲ.

ದಪ್ಪದ ಮಾತಿಗೆ ನನ್ನ ಉತ್ತರ ಸರಳ ಲೆಕ್ಕ. ರೊಟ್ಟಿ ಸುತ್ತುವ ತೆಳು ಫಾಯಿಲ್ ಸುಮಾರು 11 ಮೈಕ್ರಾನ್. 72ರಿಂದ ಗುಣಿಸಿ, ನಿಜವಾದ ವಿಮಾನದ ಅಳತೆಯಲ್ಲಿ 0.8 ಮಿ.ಮೀ. ಬರುತ್ತದೆ. ಪ್ರೈಮರ್, ಕಪ್ಪು ಬೇಸ್, ಅದರ ಮೇಲೆ ಮೆಟಲ್ ಬಣ್ಣ ಅಂತ ಪದರದ ಮೇಲೆ ಪದರ ಹೊಡೆಯುವವರ ಬಣ್ಣ ಇದಕ್ಕಿಂತ ದಪ್ಪವೇ ಇರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ.

ದುಡ್ಡಿನ ವಿಷಯ. ಕಿಟ್ ಹೊರಗಿನಿಂದ ತರಿಸಿದ್ದು, ಹತ್ತಿರ ಹತ್ತಿರ 1,800 ರೂಪಾಯಿ. ಸ್ಕೇಲ್ ಮಾಡೆಲ್ ಸುಂಕದ ಲೆಕ್ಕದಲ್ಲಿ ಆಟಿಕೆಗಳ ಸಾಲಿಗೆ ಸೇರುತ್ತದೆ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸಾಗಣೆ, ಸುಂಕ ಸೇರಿ ಕಿಟ್ಟಿನ ಬೆಲೆಯಷ್ಟೇ ಮತ್ತೆ ಖರ್ಚಾಯಿತು. ಏರ್‌ಬ್ರಷ್, ಕಂಪ್ರೆಸರ್ ಅಂತ ಹೋಗಿದ್ದರೆ ಇನ್ನೂ ಎಂಟು–ಹತ್ತು ಸಾವಿರ ಬೇಕಿತ್ತು. ನನ್ನ ಫಾಯಿಲ್ ಸುರುಳಿಗೆ ನೂರು ರೂಪಾಯಿ ಕೂಡ ಆಗಲಿಲ್ಲ, ಅದರಲ್ಲೂ ಮುಕ್ಕಾಲು ಪಾಲು ಅಡುಗೆಮನೆಗೇ ವಾಪಸ್ ಹೋಯಿತು.

ಕೊಳ್ಳುವಾಗ ಒಂದು ಎಚ್ಚರ. ಎಫ್‌ಎಲ್ ಅಂದರೆ ಮುಂದಕ್ಕೆ ತೆರೆಯುವ ಕ್ಯಾನಪಿ (ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ). ಪಕ್ಕಕ್ಕೆ ತೆರೆಯುವುದು ಪಿಎಫ್‌ಎಂ ಅನ್ನುವ ಇನ್ನೊಂದು ಆವೃತ್ತಿ. ಇವೆರಡನ್ನು ಒಂದೇ ಅಂತ ಕಟ್ಟಿದ ಮಾಡೆಲ್ ಬೇಕಾದಷ್ಟು ನೋಡಿದ್ದೇನೆ. ನಾಸಿಕ್‌ನಲ್ಲಿ ಎಚ್‌ಎಎಲ್ ಜೋಡಿಸಿದ, ನಮ್ಮ ವಾಯುಪಡೆ 'ಟೈಪ್ 77' ಅನ್ನುತ್ತಿದ್ದ ವಿಮಾನ ಈ ಎಫ್‌ಎಲ್. ನನಗೆ ಬೇಕಿದ್ದದ್ದು ಅದರ ಯುದ್ಧಕ್ಕೆ ಮುಂಚಿನ ರೂಪ. 1971ರ ಯುದ್ಧದ ಹೊತ್ತಿಗೆ ಹಲವಕ್ಕೆ ಹಸಿರು ಬಳಿದುಬಿಟ್ಟರು. ಅದಕ್ಕೂ ಮೊದಲು ಬರೀ ಲೋಹದ ಮೈ, ಬಿಸಿಲಿಗೆ ಥಳಥಳ.

ಹೆಚ್ಚು ಕಾಲ ತಿಂದದ್ದು ಅಂಟು. ಬಿಳಿ ಮರದ ಅಂಟು ನೀರಿನದು. ಮೇಲೆ ಫಾಯಿಲ್ ಕೂತರೆ ನೀರು ಹೋಗುವುದೆಲ್ಲಿಗೆ? ವಾರ ಕಳೆದರೂ ಒಳಗೆ ಹಸಿ, ಉಗುರು ತಾಗಿದರೆ ಇಡೀ ಪ್ಯಾನೆಲ್ ಜಾರುತ್ತಿತ್ತು. ರಬ್ಬರ್ ಅಂಟು ಬೇಗ ಹಿಡಿಯಿತು, ಆದರೆ ಸಾಸಿವೆಗಿಂತ ಸಣ್ಣ ಗಂಟುಗಳೂ ಫಾಯಿಲ್ ಮೇಲೆ ಮೊಡವೆಯಾಗಿ ಎದ್ದವು. ಸ್ಪ್ರೇ ಅಂಟು ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡಿ ಒಂದು ರೆಕ್ಕೆ ತಿಂದಿತು. ಕೊನೆಗೆ ಕೈಹಿಡಿದದ್ದು ಚಿನ್ನದ ರೇಕು ಅಂಟಿಸುವ ಗಿಲ್ಡಿಂಗ್ ಅಂಟು. ಕಲಾ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ, ಸಣ್ಣ ಬಾಟಲಿ ಇನ್ನೂರೈವತ್ತರ ಆಸುಪಾಸು. ತೆಳ್ಳಗೆ ಸವರಿ, ಹಾಲಿನ ಬಣ್ಣ ಹೋಗಿ ಪಾರದರ್ಶಕ ಆಗುವವರೆಗೆ ಕಾಯಬೇಕು. ನೀರೆಲ್ಲ ಹೋಗಿರುತ್ತದೆ, ಅಂಟು ಮಾತ್ರ ಉಳಿದಿರುತ್ತದೆ. ಎಷ್ಟು ತೆಳ್ಳಗೆ, ಯಾವುದನ್ನು ಬೆರೆಸಿ ಅನ್ನುವುದು ನನ್ನ ಹತ್ತಿರವೇ ಇರಲಿ.

ಪ್ಯಾನೆಲ್‌ಗಿಂತ ತುಸು ದೊಡ್ಡ ತುಂಡು ಕತ್ತರಿಸಿ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ. ಮೊದಲು ಹತ್ತಿಕಡ್ಡಿ, ಆಮೇಲೆ ಬಿದಿರಿನ ಕಡ್ಡಿಯ ಮೊಂಡು ತುದಿ. ಕಿಟ್ಟಿನಲ್ಲಿ ಕೊರೆದ ಗೆರೆ ತಾನಾಗಿ ಮೂಡುತ್ತದೆ, ಅದರ ಮೇಲೇ ಹೊಸ ಬ್ಲೇಡ್ ಎಳೆದು ಹೆಚ್ಚುವರಿ ಸುಲಿದುಬಿಡಿ. ಬ್ಲೇಡ್ ಅಂದರೆ ನಿಜವಾಗಿ ಹೊಸದು, ಐದಾರು ಪ್ಯಾನೆಲ್ ಆದಮೇಲೆ ಅದು ಫಾಯಿಲ್ ಕತ್ತರಿಸುವುದಿಲ್ಲ, ಹರಿಯುತ್ತದೆ. ಫಾಯಿಲ್‌ಗೆ ಸಣ್ಣ ಎಳೆಗಳಿರುತ್ತವೆ. ಒಂದು ಪ್ಯಾನೆಲ್ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ ಹಾಕಿದರೆ ಬೆಳಕು ಬೇರೆ ಬೇರೆ ಥರ ಬೀಳುತ್ತದೆ. ಬಣ್ಣದವರು ನಾಲ್ಕು ಬಾಟಲಿ ಬೆರೆಸಿ ತರುವ ವ್ಯತ್ಯಾಸ ಇಲ್ಲಿ ಪುಕ್ಕಟೆ.

ಸುಕ್ಕಿನ ಭಯ ಮೈಗೆ ಅಲ್ಲ, ಹೊಟ್ಟೆ ಕೆಳಗಿನ ಡ್ರಾಪ್ ಟ್ಯಾಂಕಿಗೆ (ಹೆಚ್ಚುವರಿ ಇಂಧನದ ಟ್ಯಾಂಕು). ಎರಡೂ ದಿಕ್ಕಿಗೆ ಬಾಗಿದ ಮೂತಿ ಅದು. ಕಿತ್ತಳೆ ತೊಳೆಯ ಆಕಾರದ ಪಟ್ಟಿಗಳಾಗಿ ಕತ್ತರಿಸಿ, ಎರಡೆರಡು ಕೂದಲೆಳೆಯಷ್ಟು ಒಂದರ ಮೇಲೊಂದು ಬರುವಂತೆ ಕೂರಿಸಿ ಒತ್ತಿದೆ. ಸಂದು ಹುಡುಕಿ ತೋರಿಸಿ ಅಂತ ನಮ್ಮ ಬಳಗದ ಹಿರಿಯರೊಬ್ಬರಿಗೆ ಭೂತಕನ್ನಡಿ ಕೊಟ್ಟೆ. ಸಿಗಲಿಲ್ಲ.

ಎಂಜಿನ್ ಹಿಂಭಾಗಕ್ಕೆ ಕಾದ ಲೋಹದ ಮಬ್ಬು ಬೇಕಿತ್ತು. ಕುಕ್ಕರ್ ತಳದಲ್ಲಿ ಬರೀ ನೀರು ಕುದ್ದು ಅಲ್ಯುಮಿನಿಯಂ ಕಪ್ಪಾಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅದೇ ದಾರಿ ಹಿಡಿದು ಫಾಯಿಲ್ ತುಂಡುಗಳನ್ನು ಬೋರ್ ನೀರಿನಲ್ಲಿ ಕುದಿಸಿದೆ. ನಸು ಬೂದು ಬಂತು. ಚಿಟಿಕೆ ಅಡುಗೆ ಸೋಡಾ ಹಾಕಿದ ಪಾತ್ರೆಯಲ್ಲಿ ಇನ್ನೂ ಗಾಢ, ಹೊಳಪಿಲ್ಲದ ಬಣ್ಣ. ಕಾವೇರಿ ನೀರಿನಲ್ಲಿ ಅಷ್ಟು ಆಗಲಿಲ್ಲ. ಹುಣಸೆ ನೀರಿನಲ್ಲಿ ಕುದಿಸಿದ್ದು ಇದ್ದದ್ದಕ್ಕಿಂತ ಹೊಳೆಯಿತು, ಅದು ಮೂತಿಯಲ್ಲಿ ಗಾಳಿ ಒಳಹೋಗುವ ಇಂಟೇಕ್ ಉಂಗುರಕ್ಕೆ ಹೋಯಿತು. ಸೋಡಾ ಎಷ್ಟು, ಎಷ್ಟು ಹೊತ್ತು ಅನ್ನುವುದನ್ನು ನಿಮ್ಮ ನೀರೇ ಹೇಳಬೇಕು.

ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ಮುದ್ರಿತ ಗುರುತು) ಮಾತು ಒಂದಿದೆ. ರೌಂಡಲ್‌ನ, ಅಂದರೆ ವಾಯುಪಡೆಯ ದುಂಡು ಗುರುತಿನ, ಕೇಸರಿ ತೆಳು ಮುದ್ರಣ, ಲೋಹದ ಮೇಲೆ ಕೂತರೆ ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ. ಕೆಳಗೆ ಅದೇ ಅಳತೆಯ ಬಿಳಿ ಡೆಕಾಲ್ ವೃತ್ತ ಹಾಕಿ, ಆಮೇಲೆ ರೌಂಡಲ್. ಕ್ಲಿಯರ್ ವಾರ್ನಿಶ್ ಡೆಕಾಲ್ ಮೇಲೆ ಮಾತ್ರ ಸಾಕು, ಮೈಗೆ ಬಳಿದರೆ ಲೋಹ ಸತ್ತು ಪ್ಲಾಸ್ಟಿಕ್ ಕಾಣುತ್ತದೆ.

ಮುಂದಿನದು ಎಚ್‌ಎಎಲ್ ಅಜೀತ್ ಯುದ್ಧವಿಮಾನ, 1:144ರಲ್ಲಿ. ಅಲ್ಲಿ ಇದೇ ಫಾಯಿಲ್ 1.6 ಮಿ.ಮೀ. ಲೆಕ್ಕಕ್ಕೆ ಬರುತ್ತದೆ, ಅಷ್ಟು ದಪ್ಪ ನನಗೂ ಒಪ್ಪಿಗೆಯಿಲ್ಲ. ಸಿಹಿ ಅಂಗಡಿಯವರು ಕಾಜು ಬರ್ಫಿ ಮೇಲೆ ಹಾಕುವ ಬೆಳ್ಳಿ ವರ್ಕ್ ತಂದಿಟ್ಟಿದ್ದೇನೆ. ಉಸಿರು ಬಿಟ್ಟರೂ ಹಾರುತ್ತದೆ, ಕೈಗೆ ಅಂಟುತ್ತದೆ, ಬೆಳ್ಳಿಯಾದ್ದರಿಂದ ಕಾಲಕ್ರಮೇಣ ಕಪ್ಪಾಗಲೂಬಹುದು. ಆದರೂ ಒಂದು ಹಳೇ ರೆಕ್ಕೆ ಮೇಲೆ ಆಗಲೇ ಕೂರಿಸಿ ನೋಡಿದೆ, ಗೆರೆಗೆರೆಯೂ ಎದ್ದು ಬಂತು.