ಮಲೆನಾಡಿನಲ್ಲಿ ಕಾಲೇಜು ಆವರಣ ಕಟ್ಟುವಾಗ ಗಮನಿಸಬೇಕಾದ್ದು

ಪರಿಸರಸ್ನೇಹಿ ಕ್ಯಾಂಪಸ್ ಎಂದೊಡನೆ ತೋರಿಸುವ ಮಾದರಿಗಳಲ್ಲಿ ಹಲವು ಮರುಭೂಮಿಯವು. ಅಬುಧಾಬಿಯಲ್ಲಿ ಮಸ್ದಾರ್ ಎಂಬ ಉನ್ನತ ಶಿಕ್ಷಣ ಸಂಸ್ಥೆಗೆಂದು ಕಟ್ಟಿದ ಕಟ್ಟಡಗಳು ಒಂದಕ್ಕೊಂದು ನೆರಳಾಗುವಷ್ಟು ಹತ್ತಿರ ನಿಂತಿವೆ, ನಡುವಿನ ಓಣಿಗಳು ಕಿರಿದಾಗಿವೆ, ಮೇಲಿನ ಗಾಳಿಯನ್ನು ಕೆಳಗಿಳಿಸಲು 45 ಮೀಟರ್ ಎತ್ತರದ ಗೋಪುರವಿದೆ. ಬಿಸಿಲ ನಾಡಿಗೆ ಅದು ಸರಿ. ಅದೇ ನಕ್ಷೆಯಂತೆ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಕಟ್ಟಿದರೆ ಬಿಸಿಲು ಕಾಣದ ಓಣಿಗಳಲ್ಲಿ ಪಾಚಿ ಕಟ್ಟುತ್ತದೆ.

ಜಾಗ ನಿಗದಿ ಮಾಡುವ ಮುನ್ನ ಒಂದು ಮಳೆಗಾಲವಿಡೀ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ಒರತೆ ಏಳುತ್ತದೆ ಎಂಬುದನ್ನು ನೋಡಿ ಗುರುತು ಹಾಕಿಕೊಳ್ಳಬೇಕು. ಗುಡ್ಡವನ್ನು ಜೆಸಿಬಿಯಿಂದ ಸಪಾಟು ಮಾಡಿ ಒಂದೇ ದೊಡ್ಡ ಕಟ್ಟಡ ಎಬ್ಬಿಸುವ ಬದಲು, ಇಳಿಜಾರಿಗೆ ಅಡ್ಡಲಾಗಿ ಒಂದೇ ಸಾಲು ಕೋಣೆಗಳ ಉದ್ದನೆಯ ಕಟ್ಟಡಗಳನ್ನು ಮೆಟ್ಟಿಲುಮೆಟ್ಟಿಲಾಗಿ ಕೂರಿಸಿದರೆ ಧರೆ ಕುಸಿಯುವ ಭಯ ಕಡಿಮೆಯಾಗುತ್ತದೆ, ಎರಡೂ ಬದಿಯ ಕಿಟಕಿಗಳಿಂದ ಗಾಳಿಯೂ ಆಡುತ್ತದೆ.

ಹೆಚ್ಚು ಯೋಚಿಸಬೇಕಾದದ್ದು ಪಡುವಣ ಗೋಡೆಯ ಬಗ್ಗೆ. ಮುಂಗಾರಿನ ಗಾಳಿಮಳೆ ಹೊಡೆಯುವುದು ನೈಋತ್ಯ, ಪಶ್ಚಿಮಗಳಿಂದ. ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಆ ಬದಿಗೆ ಅಡಕೆ ಸೋಗೆಯ ತಟ್ಟಿ ಕಟ್ಟಿ ಇರಚಲು ತಡೆಯುತ್ತಾರೆ. ಕಾಲೇಜಿನಲ್ಲಿ ಆ ಕೆಲಸವನ್ನು ಎಂಟು ಅಡಿ ಅಗಲದ ಜಗಲಿ ಮಾಡಬಲ್ಲದು. ಅದರ ಮಾಡು ತಗ್ಗಾಗಿ ಚಾಚಿಕೊಂಡಿದ್ದರೆ ಜುಲೈನ ಇರಚಲು ತರಗತಿಯ ಗೋಡೆಯನ್ನು ತೋಯಿಸುವುದಿಲ್ಲ, ಏಪ್ರಿಲ್‌ನ ಇಳಿಬಿಸಿಲೂ ಒಳಗೆ ನುಗ್ಗುವುದಿಲ್ಲ, ವಿದ್ಯಾರ್ಥಿಗಳು ಕೊಡೆಯಿಲ್ಲದೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬಹುದು. ಖರ್ಚು ಕಡಿತದ ಮಾತು ಬಂದಾಗ ಮೊದಲು ಕತ್ತರಿ ಬೀಳುವುದು ಈ ಜಗಲಿಗೇ. ಏನೇ ಆದರೂ ಅದನ್ನು ಬಿಟ್ಟುಕೊಡಬಾರದು.

ಸಮತಟ್ಟು ತಾರಸಿ ಹಾಕಿಸಿ, ಸೋರತೊಡಗಿದ ಮೇಲೆ ಅದಕ್ಕೊಂದು ಶೀಟಿನ ಮಾಡು ಹೊದಿಸುವುದು ಎರಡೆರಡು ಖರ್ಚು. ಮೊದಲೇ ಇಳಿಜಾರಾದ ಹೆಂಚಿನ ಮಾಡು ಮಾಡಿಸುವುದು ಲೇಸು. ಗೋಡೆಗೆ ಜಂಬಿಟ್ಟಿಗೆ ಸಾಕು. ಆದರೆ ಅದು ನೀರು ಹೀರುವುದರಿಂದ, ಸೂರಿನ ನೀರು ಸಿಡಿಯುವ ಬುಡವನ್ನು ಕಪ್ಪುಕಲ್ಲಿನಲ್ಲಿ ಕಟ್ಟಬೇಕು. ಗ್ರಂಥಾಲಯವನ್ನು ಮೇಲಿನ ಮಹಡಿಯಲ್ಲಿಟ್ಟು, ಕಪಾಟುಗಳನ್ನು ಹೊರಗೋಡೆಗೆ ತಾಗಿಸದಿದ್ದರೆ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.

1,000 ಚದರ ಮೀಟರ್ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಒಂದು ಲಕ್ಷ ಲೀಟರ್ ನೀರಾಗುತ್ತದೆ. ಆಗುಂಬೆಯ ಕಡೆ ಅಷ್ಟು ಮಳೆ ಒಂದೇ ದಿನದಲ್ಲಿ ಬೀಳುವುದುಂಟು. ಬೇಸಿಗೆಗೆಂದು ತೊಟ್ಟಿಯನ್ನು ಮಳೆಗಾಲದ ಕೊನೆಯಲ್ಲಿ ತುಂಬಿಸಿಕೊಂಡರೂ ಸಾಕು. ಉಳಿದ ನೀರನ್ನು ಕಲ್ಲು ಹಾಸಿದ ಚರಂಡಿಯಲ್ಲಿ ನಿಧಾನವಾಗಿ ಹಳ್ಳಕ್ಕೆ ಇಳಿಸಬೇಕು. ಬಯಲುಸೀಮೆಯಲ್ಲಿ ಮಾಡುವಂತೆ ಇಂಗುಗುಂಡಿಗಳನ್ನು ಕಟ್ಟಡದ ಮೇಲ್ಭಾಗದ ಕಡಿದಾದ ಗುಡ್ಡದಲ್ಲಿ ತೋಡಿಸಕೂಡದು. ನೀರು ಕುಡಿದು ಭಾರವಾದ ಮಣ್ಣು ಕಟ್ಟಡದ ಮೇಲೆಯೇ ಜಾರಿ ಬರಬಹುದು.