ಹಳೆಯ ವಿಡಿಯೊ ಕ್ಯಾಮೆರಾಕ್ಕೆ ಸ್ಟಿಲ್ ಲೆನ್ಸ್: ಮನೆಯಲ್ಲೇ ಮಾಡಿಕೊಳ್ಳುವ ಅಡಾಪ್ಟರ್

ಮದುವೆ, ಮುಂಜಿಗಳ ಚಿತ್ರೀಕರಣಕ್ಕೆಂದು ಕೊಂಡು ಈಗ ಅಟ್ಟ ಸೇರಿರುವ ಪುಟ್ಟ ಕ್ಯಾಸೆಟ್ಟಿನ ಮಿನಿ ಡಿವಿ ವಿಡಿಯೊ ಕ್ಯಾಮೆರಾಗಳು ಶಿರಸಿ, ಕಾರವಾರದ ಕಡೆ ಇಂದಿಗೂ ಸಿಗುತ್ತವೆ. ಅವುಗಳಲ್ಲಿ ತೆಗೆದ ಚಿತ್ರವನ್ನು ನೋಡಿದರೆ, ಮುಂದೆ ಕುಳಿತ ಮದುಮಗಳೂ ಹಿಂದಿನ ಚಪ್ಪರದ ಅಡಿಕೆ ಕಂಬವೂ ಒಂದೇ ಸ್ಪಷ್ಟತೆಯಲ್ಲಿ ಕಾಣುತ್ತವೆ. ಇದಕ್ಕೆ ಕಾರಣ ಒಳಗೆ ಬೆಳಕನ್ನು ಗ್ರಹಿಸುವ ಸೆನ್ಸರಿನ ಗಾತ್ರ. ಕಾಲು ಇಂಚಿನದೆಂದು ಕರೆಯುವ ಸೆನ್ಸರ್ ನಿಜವಾಗಿ ಸುಮಾರು 3.2 × 2.4 ಮಿ.ಮೀ. ಇರುತ್ತದೆ, ಹಳೆಯ ರೀಲ್ ಕ್ಯಾಮೆರಾದ ಒಂದು ಫ್ರೇಮ್ 36 × 24 ಮಿ.ಮೀ., ಅಂದರೆ ವಿಸ್ತೀರ್ಣದಲ್ಲಿ ಅದರ ನೂರು ಪಟ್ಟಿಗೂ ಹೆಚ್ಚು. ಮುಖವನ್ನು ಮಾತ್ರ ಸ್ಪಷ್ಟವಾಗಿ ಹಿಡಿದು ಹಿನ್ನೆಲೆಯನ್ನು ಮಸುಕುಗೊಳಿಸಬೇಕಾದರೆ ಆ ದೊಡ್ಡ ಚಿತ್ರವೇ ಬೇಕು.

ಅಡಾಪ್ಟರಿನ ಉಪಾಯ ಸರಳವಾಗಿದೆ. ಸ್ಟಿಲ್ ಲೆನ್ಸು ಫಿಲ್ಮಿನ ಮೇಲೆ ಬೀಳಿಸುತ್ತಿದ್ದ ಚಿತ್ರವನ್ನು ಒಂದು ಮಬ್ಬುಗಾಜಿನ ಮೇಲೆ ಬೀಳಿಸಿ, ಗಾಜಿನ ಹಿಂಬದಿಯಿಂದ ಆ ಚಿತ್ರವನ್ನೇ ವಿಡಿಯೊ ಕ್ಯಾಮೆರಾದಲ್ಲಿ ಸೆರೆಹಿಡಿಯುವುದು. ಹೀಗಾಗಿ ಇಲ್ಲಿ ಕಾಳಜಿಯಿಂದ ಸಾಧಿಸಬೇಕಾದ ಅಳತೆಗಳು ಎರಡೇ: ಲೆನ್ಸಿನಿಂದ ಗಾಜಿಗೆ ಇರುವ ದೂರ ಮತ್ತು ಗಾಜಿನಿಂದ ಕ್ಯಾಮೆರಾಕ್ಕೆ ಇರುವ ದೂರ. ಉಳಿದದ್ದೆಲ್ಲ ಪೈಪು ಕೊಯ್ಯುವ, ಅಂಟು ಹಚ್ಚುವ ಕೆಲಸ.

ಲೆನ್ಸ್ ಆರಿಸುವಾಗ ಅದರ ಮೇಲೆಯೇ ಅಪರ್ಚರ್ (ಬೆಳಕು ಬರುವ ಕಂಡಿ) ತಿರುಗಿಸುವ ಬಳೆ ಇರುವುದನ್ನು ಆರಿಸಿರಿ. ನಿಕಾನ್‌ನ 'ಜಿ' ಮಾದರಿಯ ಲೆನ್ಸುಗಳಿಗೆ ಆ ಬಳೆಯಿಲ್ಲ. ಕ್ಯಾಮೆರಾದಿಂದ ಬೇರ್ಪಡಿಸಿದೊಡನೆ ಅವು ಕಿರಿದಾಗಿ ಮುಚ್ಚಿಕೊಳ್ಳುತ್ತವೆ. 50 ಮಿ.ಮೀ., ಎಫ್ 1.8ರ ಹಳೆಯ ಲೆನ್ಸು ಈ ಕೆಲಸಕ್ಕೆ ಸಾಕು. ಲೆನ್ಸಿನ ಲೋಹದ ಬುಡದಿಂದ ಫಿಲ್ಮಿನವರೆಗಿನ ದೂರ ಪ್ರತಿಯೊಂದು ಪದ್ಧತಿಯಲ್ಲೂ ನಿಗದಿಯಾಗಿದೆ: ನಿಕಾನ್‌ಗೆ 46.5 ಮಿ.ಮೀ., ಪೆಂಟಾಕ್ಸ್ 'ಕೆ' ಮತ್ತು ತಿರುಪಿನ ಎಂ42 ಲೆನ್ಸುಗಳಿಗೆ ಸುಮಾರು 45.5 ಮಿ.ಮೀ., ಕ್ಯಾನನ್ ಎಫ್‌ಡಿಗೆ 42 ಮಿ.ಮೀ. ಮಬ್ಬುಗಾಜು ನಿಲ್ಲಬೇಕಾದದ್ದು ಅದೇ ಜಾಗದಲ್ಲಿ. ಕೊಳವೆ ಅರ್ಧ ಮಿಲಿಮೀಟರ್ ಉದ್ದವಾದರೂ 50 ಮಿ.ಮೀ. ಲೆನ್ಸಿನಲ್ಲಿ ಸುಮಾರು 5 ಮೀಟರಿನಿಂದಾಚೆಯ ಯಾವುದೂ ಫೋಕಸ್ ಆಗುವುದಿಲ್ಲ. ಅಂಗಳದ ತುದಿಯ ತುಳಸಿಕಟ್ಟೆ ಸಿಗುತ್ತದೆ, ಅದರಾಚೆಯ ತೋಟ ಸಿಗುವುದಿಲ್ಲ.

ಮಬ್ಬುಗಾಜಿಗೆ ಲೆನ್ಸಿನ ಮುಂದೆ ತಿರುಪಿ ಹಾಕುವ, 52 ಮಿ.ಮೀ.ನ ಹಳೆಯ ಯುವಿ ಫಿಲ್ಟರ್ ಅನುಕೂಲಕರ, ಏಕೆಂದರೆ ಗಾಜಿನ ಜೊತೆಗೆ ಅದನ್ನು ಹಿಡಿದಿಡುವ ಬಳೆಯೂ ಸಿಕ್ಕಂತಾಗುತ್ತದೆ ಮತ್ತು ಫ್ರೇಮಿನ 43 ಮಿ.ಮೀ. ಕರ್ಣ ಅದರೊಳಗೆ ಹಿಡಿಸುತ್ತದೆ. ಒಳಗಿನ ತೆಳು ಬಳೆಯ ಎರಡು ಕಚ್ಚುಗಳಿಗೆ ಜಾಮಿಟ್ರಿ ಪೆಟ್ಟಿಗೆಯ ಡಿವೈಡರಿನ ಮೊನೆಗಳನ್ನು ಕೂರಿಸಿ ತಿರುಗಿಸಿದರೆ ಗಾಜು ಹೊರಬರುತ್ತದೆ. ಕಿಟಕಿಗೆ ಹಾಕುವ ದಪ್ಪ ಗಾಜಿನ ತುಂಡೊಂದರ ಮೇಲೆ 1000 ಗ್ರಿಟ್‌ನ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಚಿಟಿಕೆಯಷ್ಟು ಹಾಕಿ, ನಾಲ್ಕೈದು ಹನಿ ನೀರು ಬೆರೆಸಿ, ಫಿಲ್ಟರಿನ ಗಾಜನ್ನು ಎರಡು ಬೆರಳುಗಳಿಂದ ಹಗುರವಾಗಿ ಒತ್ತುತ್ತ ಎಂಟರ ಆಕಾರದಲ್ಲಿ ಉಜ್ಜಬೇಕು. ಮೊದಲು ಕರಕರ ಸದ್ದು ಬರುತ್ತದೆ. ಪುಡಿ ಸವೆದಂತೆ ಅದು ನುಣ್ಣಗಾಗಿ, ಗಂಧ ತೇಯುವಾಗಿನ ಸದ್ದಿನಂತಾಗುತ್ತದೆ. ಆಗ ತೊಳೆದು, ಹೊಸ ಪುಡಿ ಹಾಕಿ, ಮತ್ತೆ ಉಜ್ಜಿರಿ. ಒಂದೇ ಮಗ್ಗುಲನ್ನು ಉಜ್ಜಬೇಕು. ಇಪ್ಪತ್ತು ನಿಮಿಷದ ನಂತರ ಒರೆಸಿ ಬೆಳಕಿಗೆ ಹಿಡಿದಾಗ ಎಲ್ಲಿಯೂ ಹೊಳೆಯುವ ಚುಕ್ಕೆ ಕಾಣದಿದ್ದರೆ ಕೆಲಸ ಮುಗಿದಂತೆ. ಬಳಿಕ ಆ ಮಗ್ಗುಲಿಗೆ ಬೆರಳು ತಾಗಿಸಬಾರದು. ಬಾಳೆಕಾಯಿ ಚಿಪ್ಸ್ ತಿಂದ ಕೈ ತಗುಲಿದರಂತೂ ಎಣ್ಣೆ ಉಜ್ಜಿದ ಗುಳಿಗಳಲ್ಲಿ ತುಂಬಿಕೊಂಡು ಅಷ್ಟು ಜಾಗ ಮತ್ತೆ ಪಾರದರ್ಶಕವಾಗಿಬಿಡುತ್ತದೆ. ಸಾಬೂನು ನೀರಿನಲ್ಲಿ ತೊಳೆದರೆ ಸರಿಹೋಗುತ್ತದೆ.

ಕೊಳವೆಗೆ ನೀರಿನ ಪಿವಿಸಿ ಪೈಪನ್ನೇ ಬಳಸಬಹುದು. ಅಂಗಡಿಗೆ ಫಿಲ್ಟರಿನ ಬಳೆಯನ್ನು ಒಯ್ದು, ಅದರ ಸುತ್ತ ಎರಡು ಮಿಲಿಮೀಟರಿನಷ್ಟು ಎಡೆ ಬಿಡುವ ಪೈಪನ್ನೂ, ಅದಕ್ಕೆ ಹೊಂದುವ ಒಂದು ಸಾಕೆಟನ್ನೂ ಆರಿಸಿ ತನ್ನಿರಿ. ನನ್ನ ಮೊದಲ ಕೊಳವೆಯನ್ನು ಕಣ್ಣಳತೆಯಲ್ಲಿ ಗರಗಸದಿಂದ ಕೊಯ್ದೆ. ತುದಿ ಓರೆಯಾದ್ದರಿಂದ ಚಿತ್ರದ ಎಡಭಾಗ ಸ್ಪಷ್ಟ, ಬಲಭಾಗ ಮಂಕು. ಪೈಪಿಗೆ ಕಾಗದದ ಪಟ್ಟಿಯನ್ನು ಅಂಚಿಗೆ ಅಂಚು ಕೂಡುವಂತೆ ಸುತ್ತಿ ಗೆರೆ ಎಳೆದು, ಗೆರೆಯಿಂದ ತುಸು ಹೊರಗೆ ಕೊಯ್ದು, ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಮರಳು ಕಾಗದ ಹಾಸಿ ಗೆರೆಯವರೆಗೆ ಉಜ್ಜಿ ತರುವುದೇ ಸರಿಯಾದ ಕ್ರಮ. ಒಳಮೈಗೆ ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣ ಹಚ್ಚಿರಿ; ಹೊಳೆಯುವ ಕಪ್ಪು ಬಣ್ಣ ಚಿತ್ರವನ್ನು ಬಿಳಿಚಿಸುತ್ತದೆ. ಲೆನ್ಸ್ ಕೂರಿಸಲು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಅಗ್ಗದ ಮ್ಯಾಕ್ರೊ ಎಕ್ಸ್‌ಟೆನ್ಶನ್ ಟ್ಯೂಬಿನ ಮುಂಭಾಗದ ಬಳೆಯನ್ನು ಪೈಪಿಗೆ ಅಂಟಿಸಬಹುದು. ಲೆನ್ಸಿನ ಹಿಂಬದಿಯ ಮುಚ್ಚಳಕ್ಕೆ ತೂತು ಕೊರೆದೂ ಮಾಡುತ್ತಾರೆ, ಆದರೆ ಪ್ಲಾಸ್ಟಿಕ್ ಅಲುಗಾಡುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಗಾಜಿನ ಉಜ್ಜಿದ ಮಗ್ಗುಲು ಲೆನ್ಸಿನ ಕಡೆಗೇ ಇರಲಿ. ಆಗ ಅಳತೆಯ ನಡುವೆ ಗಾಜಿನ ದಪ್ಪ ಬರುವುದಿಲ್ಲ.

ಗಾಜು ಕದಲದೆ ನಿಂತರೆ ಅದರ ಉಜ್ಜಿದ ಮಗ್ಗುಲಿನ ಕಾಳುಗಳು ಚಿತ್ರದ ಮೇಲೆ ಮಾಸದ ಕೊಳೆಯಂತೆ ಕಾಣುತ್ತವೆ. ಅದಕ್ಕಾಗಿ ಗಾಜನ್ನು ನಡುಗಿಸಬೇಕು. ಕೆಟ್ಟ ಮೊಬೈಲಿನಿಂದ ತೆಗೆದ, ನಾಣ್ಯದ ಆಕಾರದ ವೈಬ್ರೇಟರ್ ಮೋಟಾರನ್ನು ಫಿಲ್ಟರ್ ಬಳೆಯ ಕ್ಯಾಮೆರಾ ಕಡೆಯ ಮುಖಕ್ಕೆ, ಮೇಲ್ಭಾಗದ ನಡುವೆ, ಗಾಜಿಗೆ ಸಮಾಂತರವಾಗಿ ಅಂಟಿಸಿರಿ. ಚಿತ್ರದ ಎತ್ತರ 24 ಮಿ.ಮೀ. ಮಾತ್ರವಾದ್ದರಿಂದ ಅಲ್ಲಿ ಅದು ಅಡ್ಡ ಬರುವುದಿಲ್ಲ, ಮತ್ತು ಹಾಗೆ ಕೂರಿಸಿದಾಗ ಗಾಜು ಹಿಂದೆ ಮುಂದೆ ಹೋಗದೆ ತನ್ನ ಸಮತಲದಲ್ಲಿಯೇ ಕಂಪಿಸುತ್ತದೆ. ಎರಡು ಪೆನ್ಸಿಲ್ ಸೆಲ್‌ಗಳ 3 ವೋಲ್ಟ್ ಸಾಕು. ಬಳೆಯನ್ನು ಪೈಪಿನೊಳಗೆ ಮೂರು ಕಡೆ ಮೆತ್ತನೆಯ ಸ್ಪಂಜಿನ ತುಂಡುಗಳಿಂದ ಹಿಡಿಸಿರಿ. ನಾನು ಒಮ್ಮೆ ಸೈಕಲ್ ಟ್ಯೂಬಿನ ರಬ್ಬರನ್ನು ಬಿಗಿಯಾಗಿ ತುಂಬಿದಾಗ ಗಾಜಿನ ಬದಲು ಇಡೀ ಕ್ಯಾಮೆರಾವೇ ನಡುಗಿತು. ಮೋಟಾರಿನ ಗುಂಯ್‌ಗುಟ್ಟುವಿಕೆ ಕ್ಯಾಮೆರಾದ ಮೈಕಿಗೆ ಕೇಳಿಸುತ್ತದೆ. ಯಕ್ಷಗಾನದ ಚಂಡೆಯ ಅಬ್ಬರದಲ್ಲಿ ಅದು ಮುಳುಗಿಹೋಗಬಹುದು, ಭಾಗವತರ ವಿಳಂಬ ಗತಿಯ ಪದ್ಯದಲ್ಲಿ ಮುಳುಗುವುದಿಲ್ಲ. ಆದ್ದರಿಂದ ಧ್ವನಿಯನ್ನು ಬೇರೆ ಯಂತ್ರದಲ್ಲಿ ಮುದ್ರಿಸಿಕೊಳ್ಳುವುದು ಲೇಸು.

ಕ್ಯಾಮೆರಾ ತನ್ನಷ್ಟಕ್ಕೆ ಅಷ್ಟು ಹತ್ತಿರದ ಗಾಜನ್ನು ಜೂಮ್ ಮಾಡಿ ನೋಡಲಾರದು. ಅದರ ಮುಂದೆ +10 ಶಕ್ತಿಯ ಕ್ಲೋಸ್‌ಅಪ್ ಲೆನ್ಸ್ ಹಾಕಿದರೆ, ಆ ಲೆನ್ಸಿನಿಂದ 100 ಮಿ.ಮೀ. ದೂರದ ಗಾಜು ಕ್ಯಾಮೆರಾಕ್ಕೆ ಅನಂತ ದೂರದಲ್ಲಿದ್ದಂತೆ ತೋರುತ್ತದೆ. ಒಂಟಿ ಗಾಜಿನ ಲೆನ್ಸು ಅಂಚುಗಳಲ್ಲಿ ನೇರಳೆ ಬಣ್ಣ ಬಿಡುತ್ತದೆ. ಎರಡು ಗಾಜು ಜೋಡಿಸಿದ ಅಕ್ರೋಮ್ಯಾಟ್ ಉತ್ತಮ, ಒಡೆದ ದುರ್ಬೀನಿನ ಮುಂದಿನ ಗಾಜು ಸಾಮಾನ್ಯವಾಗಿ ಅದೇ ಆಗಿರುತ್ತದೆ. ದೂರದ ಕಿಟಕಿಯ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ, ಗೋಡೆಗೂ ಗಾಜಿಗೂ ಇರುವ ಅಂತರ ಅಳೆದರೆ ಅದರ ಸಂಗಮ ದೂರ, ಅಂದರೆ ಮಬ್ಬುಗಾಜಿನಿಂದ ಅದನ್ನು ಇಡಬೇಕಾದ ದೂರ, ತಿಳಿಯುತ್ತದೆ. ಕ್ಲೋಸ್‌ಅಪ್ ಲೆನ್ಸ್ ಇರುವ ಈ ಹಿಂಭಾಗವನ್ನು ಅಂಟಿಸದೆ ಸಾಕೆಟಿನೊಳಗೆ ಜಾರುವಂತೆ ಬಿಡಿ.

ಪರೀಕ್ಷೆಗೆ ಕಾರವಾರದ ಟಾಗೋರ್ ಕಡಲತೀರಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮೋಟಾರ್ ನಿಲ್ಲಿಸಿ, ಕ್ಯಾಮೆರಾದ ಸ್ವಯಂಚಾಲಿತ ಫೋಕಸನ್ನೂ ಕೈನಡುಕ ತಡೆಯುವ ಸ್ಟೆಡಿಶಾಟನ್ನೂ ಬಂದ್ ಮಾಡಿ, ಮೊದಲು ಗಾಜಿನ ಕಾಳುಗಳಿಗೆ ಫೋಕಸ್ ಮಾಡಿಕೊಳ್ಳಿರಿ ಮತ್ತು ಕಪ್ಪು ಅಂಚು ಮರೆಯಾಗುವಷ್ಟು ಜೂಮ್ ಮಾಡಿರಿ. ಅಲ್ಲಿಂದ ಮುಂದೆ ಕ್ಯಾಮೆರಾವನ್ನು ಮುಟ್ಟದೆ, ಸ್ಟಿಲ್ ಲೆನ್ಸನ್ನು ಅನಂತಕ್ಕೆ ತಿರುಗಿಸಿ ದಿಗಂತದ ದೋಣಿಯನ್ನು ನೋಡಿರಿ. ದೋಣಿ ಸ್ಪಷ್ಟವಾಗಲು ಲೆನ್ಸನ್ನು 5 ಅಥವಾ 10 ಮೀಟರ್ ಗುರುತಿಗೆ ತಿರುಗಿಸಬೇಕಾಗಿ ಬಂದರೆ ಕೊಳವೆ ಗಿಡ್ಡವಾಗಿದೆ. ಲೆನ್ಸ್ ಕೂರಿಸುವ ಬಳೆಯಡಿ ಕಾಗದ ಕೊಟ್ಟು ಎತ್ತರಿಸಿರಿ. ಅನಂತದಲ್ಲೂ ಮಂಕಾಗಿಯೇ ಉಳಿದರೆ ಕೊಳವೆ ಉದ್ದವಾಗಿದೆ, ಮತ್ತೆ ಮರಳು ಕಾಗದಕ್ಕೆ ಮರಳಬೇಕು.

ಚಿತ್ರ ತಲೆಕೆಳಗಾಗಿ ದಾಖಲಾಗುತ್ತದೆ. ಎಡಿಟಿಂಗಿನಲ್ಲಿ 180 ಡಿಗ್ರಿ ತಿರುಗಿಸಬೇಕೇ ಹೊರತು ಕನ್ನಡಿಯಂತೆ ಮಗುಚಬಾರದು. ಮಗುಚಿದರೆ ಅಂಗಡಿಯ ಫಲಕಗಳೆಲ್ಲ ಹಿಂದುಮುಂದಾಗುತ್ತವೆ. ಅಪರ್ಚರನ್ನು ಎಫ್ 4ಕ್ಕಿಂತ ಮುಚ್ಚಿದರೆ ಕಾಳುಗಳು ಮತ್ತೆ ತಲೆ ಎತ್ತುತ್ತವೆ. ಗಾಜು ಬೆಳಕನ್ನು ತಿನ್ನುವುದರಿಂದ ರಾತ್ರಿಯ ಬಯಲಾಟಕ್ಕೆ ಇದು ಹೇಳಿಸಿದ್ದಲ್ಲ. ಸಂಜೆಯ ಬೆಳಕಿರುವಾಗಲೇ ಬಣ್ಣ ಹಚ್ಚುವ ಚೌಕಿಮನೆಗೆ ಹೋಗಿ, ವೇಷಧಾರಿ ಕೇದಗೆ ಮುಂದಲೆ ಎಂಬ ತಲೆಯುಡುಗೆಯನ್ನು ಕಟ್ಟಿಕೊಳ್ಳುವಾಗಿನ ಬೆರಳುಗಳನ್ನು ಇದರಲ್ಲಿ ಹಿಡಿಯಬಹುದು.

ಮಳೆಗಾಲದಲ್ಲಿ ಲೆನ್ಸನ್ನು ಕೊಳವೆಯಲ್ಲೇ ಬಿಟ್ಟರೆ ಬೂಷ್ಟು ಹಿಡಿಯುವುದು ಖಚಿತ. ಬಿಡಿಸಿ, ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿ; ಸೆಲ್‌ಗಳನ್ನೂ ಹೊರತೆಗೆಯಿರಿ.